ತಲೆಗೆ ವೈರ್ ಹಾಕಿದರೆ ನೋವು ಕಾಣುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಇಇಜಿ ಮಾಡುವ ಟೆಕ್ನಿಷಿಯನ್. ಊರು ಮಂಡ್ಯದ ಕಡೆ. ನಮ್ಮ ಕೋಣೆಗೆ ಜಾಸ್ತಿ ಜನ ಬರುವುದು ಫಿಟ್ಸ್‌ಗೆ. ಆದರೆ ತಲೆಗೆ ವೈರ್ ಅಂಟಿಸುವ ಅರ್ಧ ಗಂಟೆಯಲ್ಲಿ ಮಾತು ಹೇಗೋ ನೋವಿನ ಕಡೆಗೇ ತಿರುಗುತ್ತದೆ. ಸೊಂಟ, ಮಂಡಿ, ಅರೆತಲೆನೋವು, ಬಾಣಂತನದಲ್ಲಿ ಶುರುವಾಗಿ ಹೋಗದೇ ಉಳಿದ ಬೆನ್ನು ನೋವು. ಊರಿಂದ ಬರುವ ಫೋನಿನಲ್ಲೂ ಇದೇ. ಕಾಲೇಜು ಹುಡುಗರು ಪತ್ರ ಬರೆದು ಕೇಳುವುದೂ ಇದನ್ನೇ. ಹೀಗೆ ಸೇರಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಕೋಣೆಗೆ ಬಂದವರು ಕೇಳುವುದು

ಅಕ್ಕ, ಇಇಜಿ ಅಂದ್ರೆ ತಲೆಗೆ ಕರೆಂಟ್ ಕೊಡ್ತೀರಾ?

ಇಲ್ಲ. ನಾವು ಏನೂ ಕೊಡುವುದಿಲ್ಲ, ನಿಮ್ಮ ತಲೆಯಿಂದ ಬರುವುದನ್ನು ಬರೆದುಕೊಳ್ಳುತ್ತೇವೆ ಅಷ್ಟೆ. ಮಿದುಳಿನ ನರಕೋಶಗಳು ಕೆಲಸ ಮಾಡುವಾಗ ಸಣ್ಣ ವಿದ್ಯುತ್ ಹುಟ್ಟುತ್ತದೆ. ಲಕ್ಷಾಂತರ ಕೋಶಗಳು ಒಟ್ಟಿಗೆ ತಾಳ ಹಿಡಿದಾಗ ಅದು ಬುರುಡೆ, ಚರ್ಮ ದಾಟಿ ಹೊರಗೂ ಸಿಗುತ್ತದೆ. ಸಿಗುವುದು ತೀರಾ ಸ್ವಲ್ಪ. 50 ಮೈಕ್ರೋವೋಲ್ಟ್ ಅಂದರೆ ಟಾರ್ಚಿನ 1.5 ವೋಲ್ಟ್ ಸೆಲ್ಲಿನ ಮೂವತ್ತು ಸಾವಿರದಲ್ಲಿ ಒಂದು ಪಾಲು.

ಮನುಷ್ಯನ ಮಿದುಳಿನಿಂದ ಇದನ್ನು ಮೊದಲು ಬರೆದುಕೊಂಡವರು ಜರ್ಮನಿಯ ಹಾನ್ಸ್ ಬರ್ಗರ್, 1924ರಲ್ಲಿ. ನಮ್ಮ ಮೈಸೂರು ಮೆಡಿಕಲ್ ಕಾಲೇಜು ಶುರುವಾದದ್ದೂ ಅದೇ ವರ್ಷ. ಬರ್ಗರ್ ಅದನ್ನು ಪ್ರಕಟಿಸುವ ಹೊತ್ತಿಗೆ 1929 ಆಗಿತ್ತು.

ಎಣ್ಣೆ ಹಾಕ್ಕೊಂಡು ಬರಬೇಡಿ, ಹೂ ಮುಡೀಬೇಡಿ ಅಂತೀರಲ್ಲ, ಯಾಕೆ?

ಇಷ್ಟು ಸಣ್ಣ ಸಿಗ್ನಲ್ ಹಿಡಿಯಲು ಎಲೆಕ್ಟ್ರೋಡ್, ಅಂದರೆ ವೈರಿನ ತುದಿಯ ಸಣ್ಣ ಬಿಲ್ಲೆ, ಚರ್ಮಕ್ಕೆ ಚೆನ್ನಾಗಿ ತಾಗಬೇಕು. ಕೊಬ್ಬರಿ ಎಣ್ಣೆ ನಡುವೆ ಇದ್ದರೆ ತಾಗುವುದಿಲ್ಲ. ಹೋದ ವಾರ ಮದ್ದೂರಿನ ಕಡೆಯ ಒಬ್ಬ ಅಜ್ಜಿ ಬಂದಿದ್ದರು. ಬಿಗಿಯಾಗಿ ಜಡೆ, ಮೊಳ ಮಲ್ಲಿಗೆ, ನೆತ್ತಿಯಲ್ಲಿ ಎಣ್ಣೆ ಮಿರಮಿರ. ಆಸ್ಪತ್ರೆಗೆ ಹೋಗುವಾಗ ಚೆಂದವಾಗಿ ಹೋಗಬೇಕು ಅಂತ ಸೊಸೆ ಬಾಚಿ ಕಳಿಸಿದ್ದಳು. ಎಣ್ಣೆ ಒರೆಸಿ, ಕೂದಲು ಬಗೆದು, ಮೂಗಿನ ಬುಡದಿಂದ ಹಿಂದಲೆಯ ಗುಬುಟಿನವರೆಗೆ ಟೇಪ್ ಹಿಡಿದು, 10 ಮತ್ತು 20 ಪರ್ಸೆಂಟ್ ಲೆಕ್ಕದಲ್ಲಿ ಗುರುತು ಹಾಕುವಷ್ಟರಲ್ಲಿ ಮುಕ್ಕಾಲು ಗಂಟೆ ಆಯ್ತು. ಹಿಂದಿನ ದಿನ ಶಾಂಪೂ ಹಾಕಿ ತೊಳೆದು, ಹಾಗೇ ಬನ್ನಿ. ಅಷ್ಟು ಸಾಕು.

ನಂಗೆ ಸೊಂಟ ಸ್ಯಾನೆ ನೋವು ಕಣಕ್ಕ. ಈ ಮಷೀನ್‌ನಾಗೆ ಕಾಣ್ತದಾ?

ಕಾಣುವುದಿಲ್ಲ. ಆಸ್ಪತ್ರೆಯಲ್ಲಿ ಮಾಡುವ ಇಇಜಿ ನೋಡಿ "ಇವರಿಗೆ ಸೊಂಟ ನೋವಿದೆ, ಹತ್ತಕ್ಕೆ ಏಳು" ಅಂತ ಯಾರೂ ಹೇಳಲಾರರು. ಇಇಜಿ ನಾರ್ಮಲ್ ಅಂತ ರಿಪೋರ್ಟ್ ಬಂದರೆ ನಿಮಗೆ ನೋವಿಲ್ಲ ಅಂತ ಅರ್ಥವೂ ಅಲ್ಲ. ಇದನ್ನು ಮನೆಯವರಿಗೂ ಹೇಳಿ. "ರಿಪೋರ್ಟ್‌ನಲ್ಲಿ ಏನೂ ಇಲ್ಲ, ಸುಮ್ನೆ ನಾಟಕ" ಅಂತ ಗಂಡನಿಂದ ಕೇಳಿಸಿಕೊಂಡು ಅಳುತ್ತಾ ಹೋದ ಹೆಂಗಸರನ್ನು ನಾನು ನೋಡಿದ್ದೇನೆ. ಆ ರಿಪೋರ್ಟ್ ಫಿಟ್ಸ್ ಬಗ್ಗೆ ಬರೆದದ್ದು. ನೋವಿನ ಬಗ್ಗೆ ಅದು ಏನೂ ಹೇಳಿಲ್ಲ.

ಲ್ಯಾಬಿನಲ್ಲಿ ನಡೆಯುವ ಸಂಶೋಧನೆಯ ಕಥೆ ಬೇರೆ. ಮುಂದಿನ ಉತ್ತರಗಳು ಜಾಸ್ತಿ ಅದರ ಬಗ್ಗೆಯೇ.

ಗಾಯ ಆದ್ರೆ ನೋವು. ಇದ್ರಲ್ಲಿ ಹುಡುಕೋದೇನಿದೆ?

ಕಬ್ಬು ಕಡಿದವರು ಇದಕ್ಕೆ ನನಗಿಂತ ಚೆನ್ನಾಗಿ ಉತ್ತರ ಹೇಳುತ್ತಾರೆ. ಗದ್ದೆಯಲ್ಲಿ ಇಡೀ ದಿನ ಗರಿ ಕೈ ಕೊಯ್ದಿರುತ್ತದೆ. ಗೊತ್ತೇ ಆಗಿರುವುದಿಲ್ಲ. ಸಂಜೆ ಬಚ್ಚಲಲ್ಲಿ ಬಿಸಿನೀರು ಬಿದ್ದಾಗ ಚುರ್ ಅನ್ನುತ್ತದೆ. ಗಾಯ ಬೆಳಗ್ಗೆಯೇ ಇತ್ತು, ನೋವು ಸಂಜೆ ಬಂತು. ಇನ್ನೊಂದು ಕಡೆ, ಕಾಲು ತೆಗೆದ ಮೇಲೂ ಇಲ್ಲದ ಪಾದ ಉರಿಯುತ್ತದೆ ಅನ್ನುವವರಿದ್ದಾರೆ. ಅಲ್ಲಿ ಗಾಯವಾಗಲು ಪಾದವೇ ಇಲ್ಲ, ನೋವು ಮಾತ್ರ ನಿಜ.

ಅದಕ್ಕೇ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆ ತಿದ್ದಿದಾಗ ಒಂದು ಮಾತು ಸ್ಪಷ್ಟ ಮಾಡಿತು. ನರಗಳು ಅಪಾಯದ ಸುದ್ದಿ ಸಾಗಿಸುವುದು ಬೇರೆ, ನೋವು ಅನುಭವಿಸುವುದು ಬೇರೆ. ಯಂತ್ರಕ್ಕೆ ಮೊದಲನೆಯದು ಸ್ವಲ್ಪ ಸುಲಭ. ನಮಗೆ ಬೇಕಾಗಿರುವುದು ಎರಡನೆಯದು.

## ಸ್ವಲ್ಪ ಒಳಗೆ ಹೋಗಿ ಕೇಳುವುದು

ಹೊಸಿಲು ಎಡವಿದಾಗ ನೋವು ಎರಡು ಸಲ ಬಂದ ಹಾಗೆ ಅನ್ಸುತ್ತೆ. ನಿಜಾನಾ?

ನಿಜ. ಮೊದಲು ಚುಳುಕ್ ಅಂತ ಒಂದು, ಆಮೇಲೆ ನಿಧಾನಕ್ಕೆ ಹಬ್ಬುವ ಉರಿ. ಸುದ್ದಿ ತರುವ ನರಗಳು ಎರಡು ಬಗೆ. ತೆಳುವಾದ ಕೊಬ್ಬಿನ ಹೊದಿಕೆ ಇರುವುದು ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಓಡುತ್ತದೆ. ಹೊದಿಕೆ ಇಲ್ಲದ್ದು 1 ಮೀಟರಿನ ಆಸುಪಾಸು. ಹೆಬ್ಬೆರಳಿನಿಂದ ತಲೆಗೆ ಬರಬೇಕಲ್ಲ, ಎರಡನೆಯದು ಒಂದು ಸೆಕೆಂಡು ಕಳೆದೇ ತಲುಪುತ್ತದೆ.

ಸಂಶೋಧಕರು ಇದನ್ನೇ ಬಳಸುತ್ತಾರೆ. ಕೈ ಮೇಲೆ ಲೇಸರ್ ಬೆಳಕನ್ನು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಬಿಡುತ್ತಾರೆ. ಚರ್ಮ ಚುರ್ ಅನ್ನುತ್ತದೆ. ನೆತ್ತಿಯ ಮೇಲಿನ ಎಲೆಕ್ಟ್ರೋಡಿನಲ್ಲಿ ಸುಮಾರು 200 ಮಿಲಿಸೆಕೆಂಡಿಗೆ ಒಂದು ಇಳಿತ, 350ರ ಹತ್ತಿರ ಒಂದು ಏರು. ಒಂದೇ ಸಲಕ್ಕೆ ಸ್ಪಷ್ಟವಾಗಿ ಕಾಣದಿದ್ದರೆ ಹತ್ತಾರು ಸಲ ಮಾಡಿ ಸರಾಸರಿ ತೆಗೆಯುತ್ತಾರೆ. ನೋವಿನ ನರಮಾರ್ಗ ಎಲ್ಲಾದರೂ ಕಡಿದಿದೆಯೇ ಅಂತ ನೋಡಲು ಈ ಪರೀಕ್ಷೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಮಗುಗೆ ಕಿವಿ ಕೇಳುತ್ತೋ ಇಲ್ವೋ ಅಂತ ವೈರ್ ಹಾಕಿ ಹೇಳ್ತಾರಲ್ಲ. ನೋವಿಗೆ ಯಾಕಾಗಲ್ಲ?

ನನಗೆ ಬಂದ ಪ್ರಶ್ನೆಗಳಲ್ಲಿ ತುಂಬಾ ಒಳ್ಳೆಯದು ಇದು. ಕೇಳಿದವರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಮೊಮ್ಮಗುವನ್ನು ಕರೆದುಕೊಂಡು ಹೋಗಿದ್ದ ಒಬ್ಬ ತಾತ. ಅಲ್ಲಿ ಬೆರಾ ಪರೀಕ್ಷೆ ಮಾಡುತ್ತಾರೆ. ಮಗು ಮಲಗಿರುತ್ತದೆ. ಕಿವಿಗೆ ಟಿಕ್ ಟಿಕ್ ಶಬ್ದ ಸಾವಿರಾರು ಸಲ. ಪ್ರತಿ ಟಿಕ್ಕಿಗೂ 10 ಮಿಲಿಸೆಕೆಂಡಿನೊಳಗೆ ಮಿದುಳಿನ ಬುಡದಲ್ಲಿ ಸಣ್ಣ ಅಲೆಗಳು ಏಳುತ್ತವೆ. ಎಲ್ಲ ಸೇರಿಸಿ ಸರಾಸರಿ ತೆಗೆದರೆ ಗೆರೆ ಮೂಡುತ್ತದೆ. ಮಗುವನ್ನು ಒಂದು ಮಾತು ಕೇಳದೆ ಶಬ್ದ ಎಲ್ಲಿಯವರೆಗೆ ಬಂತು ಅಂತ ಗೊತ್ತಾಯ್ತು.

ಆದರೆ ಆ ಪರೀಕ್ಷೆ ಶಬ್ದ ಬಂತಾ ಅಂತ ಮಾತ್ರ ಹೇಳುತ್ತದೆ. ಅದೇ ಶಬ್ದ ಜೋಗುಳದ ಹಾಗೆ ಹಿತವಾಯಿತಾ, ಪಟಾಕಿಯ ಹಾಗೆ ಬೆದರಿಸಿತಾ ಅಂತ ಹೇಳುವುದಿಲ್ಲ. ನೋವಿನಲ್ಲಿ ನಮಗೆ ಬೇಕಿರುವುದು ಆ ಎರಡನೆಯ ಸಂಗತಿ. ಅದು ಮಿದುಳಿನ ಬುಡದಲ್ಲಿ ಒಂದು ಜಾಗದಲ್ಲಿ ಕೂತಿಲ್ಲ. ಸ್ಪರ್ಶ ಗುರುತಿಸುವ ಭಾಗ, ಭಯದ ಭಾಗ, ಗಮನದ ಭಾಗ, ಹಿಂದಿನ ನೆನಪು, ಎಲ್ಲ ಸೇರಿ ನೋವಾಗುತ್ತದೆ. ಆ ತಾತನಿಗೂ ಹೀಗೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಕಿವೀದು ಸಲೀಸು, ಮನಸಿಂದು ಕಷ್ಟ" ಅಂದರು.

ನೋವಿನ ಅಲೆ ಅಂತ ಒಂದು ಇದೆಯಾ? ಆಲ್ಫಾ, ಗಾಮಾ ಅಂತೆಲ್ಲ ಓದಿದೆ.

ನೋವಿಗೆ ಮಾತ್ರ ಏಳುವ, ಬೇರೆ ಯಾವುದಕ್ಕೂ ಏಳದ ಅಲೆ ಇನ್ನೂ ಸಿಕ್ಕಿಲ್ಲ. ನೋವಿನ ಜೊತೆ ಬದಲಾಗುವ ಕೆಲವು ಸಿಕ್ಕಿವೆ.

ಆಲ್ಫಾ ಅಂದರೆ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಅಲೆ. "ಕಣ್ಣು ಮುಚ್ಚಿ" ಅಂದ ತಕ್ಷಣ ಹಿಂದಲೆಯ ಗೆರೆಗಳಲ್ಲಿ ಇದು ಸಾಲಾಗಿ ಎದ್ದು ನಿಲ್ಲುತ್ತದೆ. ಇಷ್ಟು ವರ್ಷ ನೋಡಿದರೂ ನನಗೆ ಆ ಕ್ಷಣ ಇಷ್ಟ. ಚುರುಕ್ಕೆನ್ನುವ ನೋವು ಬಂದಾಗ ಆಲ್ಫಾ ಕುಗ್ಗುತ್ತದೆ. ಇನ್ನೊಂದು ಸಂಗತಿಯೂ ಇದೆ. ಕೆಲವರ ಆಲ್ಫಾ ಸಹಜವಾಗಿಯೇ ಸ್ವಲ್ಪ ನಿಧಾನ. ಅಂಥವರಿಗೆ ಮುಂದೆ ನೋವಾದಾಗ ಜಾಸ್ತಿ ನೋವಾಗುವ ಸಾಧ್ಯತೆ ಇದೆಯೇ ಅಂತ 150 ಜನರ ಮೇಲೆ ಮಾಡಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ದವಡೆಯ ಸ್ನಾಯುವಿಗೆ ಇಂಜೆಕ್ಷನ್ ಕೊಟ್ಟು ಕೆಲವು ದಿನ ಉಳಿಯುವ ನೋವು ಬರಿಸಿ ನೋಡಿದ್ದರು. ನಿಧಾನ ಆಲ್ಫಾ, ಜೊತೆಗೆ ಮಿದುಳಿನ ಚಲನಭಾಗದ ಒಂದು ಅಳತೆ, ಎರಡೂ ಸೇರಿದಾಗ ಯಾರಿಗೆ ಜಾಸ್ತಿ ನೋವಾಗುತ್ತದೆ ಅಂತ ಚೆನ್ನಾಗಿ ಅಂದಾಜು ಸಿಕ್ಕಿತು. ನನಗೆ ಇದರಲ್ಲಿ ಆಸೆ ಇದೆ. ಆಪರೇಷನ್‌ಗೆ ಮೊದಲೇ ಯಾರಿಗೆ ಜಾಸ್ತಿ ಆರೈಕೆ ಬೇಕು ಅಂತ ತಿಳಿದರೆ ಎಷ್ಟು ಒಳ್ಳೆಯದು ಅಲ್ವಾ.

ಗಾಮಾ ಅಂದರೆ ಸೆಕೆಂಡಿಗೆ 30ಕ್ಕಿಂತ ಜಾಸ್ತಿ. ನೋವು ಹೆಚ್ಚಿದಂತೆ ಗಾಮಾ ಹೆಚ್ಚುವುದನ್ನು ಹಲವು ಲ್ಯಾಬುಗಳು ಕಂಡಿವೆ. ತೊಂದರೆ ಏನಂದರೆ ಹಣೆ, ದವಡೆ, ಕತ್ತಿನ ಸ್ನಾಯುಗಳ ವಿದ್ಯುತ್ತೂ ಅದೇ ಜಾಗಕ್ಕೆ ಬಂದು ಬೀಳುತ್ತದೆ. ನೋವಾದಾಗ ಮನುಷ್ಯ ಹಲ್ಲು ಕಚ್ಚದೆ ಇರುತ್ತಾನಾ? ಹಲ್ಲು ಕಚ್ಚಿದ ಕ್ಷಣ ನನ್ನ ಪರದೆಯ ಗೆರೆಗಳೆಲ್ಲ ಹುಲ್ಲಿನ ಮೆದೆಯ ಹಾಗೆ ಕಪ್ಪಗೆ ಒತ್ತಾಗುತ್ತವೆ. ಮಿದುಳು ಯಾವುದು, ದವಡೆ ಯಾವುದು ಅಂತ ಬಿಡಿಸುವುದು ಸುಲಭವಲ್ಲ.

ಆಪರೇಷನ್ ಟೈಮಲ್ಲಿ ಹಣೆಗೆ ಪಟ್ಟಿ ಅಂಟಿಸಿದ್ರು. ಅದು ನೋವು ನೋಡೋಕಾ?

ಅದು ನೀವು ಎಷ್ಟು ಆಳವಾಗಿ ನಿದ್ದೆಯಲ್ಲಿದ್ದೀರಿ ಅಂತ ನೋಡಲು. ಬಿಸ್ ಅನ್ನುತ್ತಾರೆ. ಹಣೆಯ ಇಇಜಿಯಿಂದ 0ರಿಂದ 100ರ ಒಂದು ಅಂಕಿ ಬರುತ್ತದೆ. ಪೂರ್ತಿ ಅನಸ್ತೇಶಿಯಾದಲ್ಲಿ 40ರಿಂದ 60 ಇರಲಿ ಅಂತ ನೋಡಿಕೊಳ್ಳುತ್ತಾರೆ. ದೇಹ ಕತ್ತರಿಗೆ ಹೇಗೆ ಪ್ರತಿಕ್ರಿಯಿಸುತ್ತಿದೆ ಅಂತ ತಿಳಿಯಲು ಎದೆಬಡಿತದ ಏರಿಳಿತ, ನಾಡಿ, ಕಣ್ಣಪಾಪೆ ನೋಡುವ ಬೇರೆ ಯಂತ್ರಗಳಿವೆ. ಎಲ್ಲ ಕಡೆ ಇರುವುದಿಲ್ಲ.

## ಮಾತು ಬಾರದವರ ಬಗ್ಗೆ

ಎಳೆ ಕೂಸಿಗೆ ನೋವು ಗೊತ್ತಾಗಲ್ಲ ಅಂತಿದ್ರು ಹಿರಿಯರು. ಹೌದಾ?

ಹಿರಿಯರಷ್ಟೇ ಅಲ್ಲ, ಒಂದು ಕಾಲದಲ್ಲಿ ಡಾಕ್ಟರುಗಳೂ ಹಾಗೆ ಅಂದುಕೊಂಡಿದ್ದರು. 1980ರ ದಶಕದವರೆಗೂ ಎಷ್ಟೋ ಕಡೆ ನವಜಾತ ಶಿಶುಗಳಿಗೆ ನೋವಿನ ಔಷಧಿ ಹೆಚ್ಚುಕಡಿಮೆ ಇಲ್ಲದೆಯೇ ಆಪರೇಷನ್ ಆಗುತ್ತಿತ್ತು. ಇದನ್ನು ಬದಲಿಸಿದವರಲ್ಲಿ ಭಾರತ ಮೂಲದ ಡಾಕ್ಟರ್ ಕನ್ವಲ್‌ಜೀತ್ ಆನಂದ್ ಮುಖ್ಯರು. ಸರಿಯಾದ ನೋವಿನ ಔಷಧಿ ಕೊಟ್ಟ ಅವಧಿಪೂರ್ವ ಶಿಶುಗಳು ಆಪರೇಷನ್ ನಂತರ ಚೆನ್ನಾಗಿ ಚೇತರಿಸಿಕೊಂಡವು ಅಂತ 1987ರಲ್ಲಿ ತೋರಿಸಿದರು.

ಇಇಜಿ ಇಲ್ಲಿ ದೊಡ್ಡ ಕೆಲಸ ಮಾಡಿದೆ. ರಕ್ತ ಪರೀಕ್ಷೆಗೆ ಹಿಮ್ಮಡಿ ಚುಚ್ಚುತ್ತಾರಲ್ಲ, ಆ ಕ್ಷಣದ ಮಿದುಳಿನ ಅಲೆಯನ್ನು ಲಂಡನ್, ಆಕ್ಸ್‌ಫರ್ಡ್‌ನ ಸಂಶೋಧಕರು ಬರೆದುಕೊಂಡರು. ಚುಚ್ಚಿ ಅರ್ಧ ಸೆಕೆಂಡಿನ ಸುಮಾರಿಗೆ ನೆತ್ತಿಯಲ್ಲಿ ಒಂದು ಗುರುತಿಸಬಹುದಾದ ಅಲೆ ಬರುತ್ತದೆ. ಸುಮ್ಮನೆ ಮುಟ್ಟಿದರೆ ಹಾಗೆ ಬರುವುದಿಲ್ಲ. ಚರ್ಮಕ್ಕೆ ಮರಗಟ್ಟಿಸುವ ಔಷಧಿ ಹಚ್ಚಿದರೆ ಅಲೆ ಚಿಕ್ಕದಾಗುತ್ತದೆ ಅಂತ 2017ರಲ್ಲಿ ತೋರಿಸಿದರು.

2010ರ ಒಂದು ಅಧ್ಯಯನ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಚುಚ್ಚುವ ಮೊದಲು ಶಿಶುವಿನ ಬಾಯಿಗೆ ಸಕ್ಕರೆ ನೀರು ಹಾಕುವ ರೂಢಿ ಇದೆ. ಹಾಕಿದಾಗ ಮುಖ ಸಿಂಡರಿಸುವುದು ಕಡಿಮೆಯಾಯಿತು. ಮಿದುಳಿನ ಅಲೆ ಮಾತ್ರ ಹಾಗೇ ಇತ್ತು. ಸಕ್ಕರೆ ನೀರು ಬೇಡ ಅಂತ ಇದರ ಅರ್ಥವಲ್ಲ, ಅದರಿಂದ ಮಗುಗೆ ಸಮಾಧಾನ ಸಿಗುತ್ತದೆ. ಆದರೆ ಮುಖ ಒಂದನ್ನೇ ನಂಬಿ ಅಳೆದರೆ ಏನು ತಪ್ಪಿ ಹೋಗಬಹುದು ಅಂತ ಇದು ತೋರಿಸುತ್ತದೆ.

ನಮ್ಮವ್ವಂಗೆ ಸ್ಟ್ರೋಕ್ ಆಗಿ ಮಾತು ಹೋಗದೆ. ನೋವಿದ್ರೆ ಹೆಂಗೆ ತಿಳೀಬೇಕು?

ನನ್ನ ಅವ್ವನಿಗೂ ಹೀಗೇ ಆಗಿತ್ತು. ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಗ್ಗೆ ಹೋದವು. ಸೇರಿಸಿದ್ದ ಆಸ್ಪತ್ರೆಯಲ್ಲಿ ಬಟ್ಟೆ ಬದಲಿಸುವಾಗ ಬಲಗೈ ಹಿಡಿದು ಎಳೆಯುತ್ತಿದ್ದರು. ಅವ್ವ ಎಡಗಾಲಲ್ಲಿ ಮಂಚ ಒದೆಯುತ್ತಿತ್ತು. ಆಮೇಲೆ ಗೋಡೆ ಕಡೆ ತಿರುಗಿ ಮಲಗುತ್ತಿತ್ತು, ಊಟ ಬಿಟ್ಟಿತು. ಚೀಟಿಯಲ್ಲಿ "ಸಹಕರಿಸುತ್ತಿಲ್ಲ" ಅಂತ ಬರೆದರು. ನಾನೂ ಹಠ ಅಂದುಕೊಂಡೆ. ಹನ್ನೊಂದು ದಿನ ಆದ ಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ಬಂದು ಭುಜದ ಮೂಳೆಯ ಕೆಳಗೆ ಎರಡು ಬೆರಳು ಇಟ್ಟರು. ಬೆರಳು ಒಳಗೆ ಇಳಿಯಿತು. ಕೀಲು ಜಾರಿತ್ತು. ಅವ್ವ ನನ್ನ ಮುಖ ನೋಡಿತು. ಆ ನೋಟಕ್ಕಾಗಿಯೇ ನಾನು ಈ ವಿಷಯ ಓದಲು ಶುರು ಮಾಡಿದ್ದು.

ಸದ್ಯಕ್ಕೆ ಮನೆಯಲ್ಲಿ ಬಳಸಲು ಮಿದುಳಿನ ಯಂತ್ರ ಇಲ್ಲ. ಕಣ್ಣಿಂದ ನೋಡುವ ಒಂದು ಕ್ರಮ ಇದೆ. ಮರೆವಿನ ಕಾಯಿಲೆ ಇರುವ ಹಿರಿಯರಿಗೆ ಅಂತ ಮಾಡಿದ್ದು, ಮಾತು ಹೋದವರನ್ನು ನೋಡಿಕೊಳ್ಳುವಾಗಲೂ ದಾರಿ ತೋರಿಸುತ್ತದೆ. ಉಸಿರು, ನರಳಾಟ, ಮುಖ, ಮೈ ಬಿಗಿತ, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾರಾ ಅನ್ನುವ ಐದು ಸಂಗತಿ. ಒಂದೊಂದಕ್ಕೂ 0ರಿಂದ 2 ಅಂಕ, ಒಟ್ಟು 10. ಸುಮ್ಮನೆ ಮಲಗಿದ್ದಾಗ ಒಮ್ಮೆ ನೋಡಿ, ಮಗ್ಗುಲು ತಿರುಗಿಸುವಾಗ ಇನ್ನೊಮ್ಮೆ ನೋಡಿ. ಬರೆದಿಟ್ಟು ಡಾಕ್ಟರಿಗೆ ತೋರಿಸಿ. ತಲೆಯಾಡಿಸಲು ಬಂದರೆ ಹೌದು, ಇಲ್ಲ ಅನ್ನುವ ಪ್ರಶ್ನೆಯನ್ನೇ ಕೇಳಿ, ಜಾಗ ಮುಟ್ಟಿ ಮುಟ್ಟಿ ಕೇಳಿ. ಸೋತ ಕೈಯನ್ನು ಎಂದಿಗೂ ಹಿಡಿದು ಎಳೆಯಬೇಡಿ.

## ಓದಿಕೊಂಡವರು ಕೇಳುವುದು

ಆಕ್ಸಿಡೆಂಟ್ ಕೇಸಲ್ಲಿ ನೋವು ನಿಜಾನಾ ಸುಳ್ಳಾ ಅಂತ ಇದರಿಂದ ಸಾಬೀತು ಮಾಡಬಹುದಾ?

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಪೆಟ್ಟಾದವರ ಮನೆಯವರು ಇದನ್ನು ಕೇಳುತ್ತಾರೆ. ಪರಿಹಾರ ಕೊಡುವಾಗ ನೋವು ಮತ್ತು ಯಾತನೆಗೆ ಅಂತಲೇ ಒಂದು ಲೆಕ್ಕ ಇರುತ್ತದೆ. ಅದಕ್ಕೆ ಇಇಜಿ ಪುರಾವೆ ಆಗುವುದಿಲ್ಲ. ಮೇಲೆ ಹೇಳಿದ ನೋವಿನ ಸಂಘದ ತಜ್ಞರ ಗುಂಪು 2017ರಲ್ಲಿ ಇದನ್ನು ಪರಿಶೀಲಿಸಿತ್ತು. ಮಿದುಳಿನ ಚಿತ್ರಗಳನ್ನು ನೋವಿನ ಸುಳ್ಳು ಪತ್ತೆ ಮಾಡುವ ಯಂತ್ರದ ಹಾಗೆ ಬಳಸಬಾರದು ಅಂತಲೇ ಹೇಳಿತು.

ಕರ್ನಾಟಕಕ್ಕೆ ಇದರಲ್ಲಿ ಒಂದು ಹಳೆಯ ನಂಟಿದೆ. ಆರೋಪಿಯ ತಲೆಗೆ ಎಲೆಕ್ಟ್ರೋಡ್ ಇಟ್ಟು, ಅಪರಾಧದ ನೆನಪು ಇದೆಯೇ ಅಂತ ನೋಡುವ ಪರೀಕ್ಷೆಯನ್ನು ರೂಪಿಸಿದವರು ನಿಮ್ಹಾನ್ಸ್‌ನಲ್ಲಿದ್ದ ಸಿ. ಆರ್. ಮುಕುಂದನ್. ಅದನ್ನೂ, ಮಂಪರು ಔಷಧಿ ಕೊಟ್ಟು ಪ್ರಶ್ನೆ ಕೇಳುವ ನಾರ್ಕೋ, ಸುಳ್ಳು ಪತ್ತೆಯ ಪಾಲಿಗ್ರಾಫ್‌ಗಳನ್ನೂ ಒಪ್ಪಿಗೆ ಇಲ್ಲದೆ ಯಾರ ಮೇಲೂ ಮಾಡಬಾರದು ಅಂತ ಸುಪ್ರೀಂ ಕೋರ್ಟ್ 2010ರ ಮೇನಲ್ಲಿ ತೀರ್ಪು ಕೊಟ್ಟಿತು. ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣ ಅದು. ನೋವಿನ ಯಂತ್ರ ನಾಳೆ ಬಂದರೂ ಇದೇ ನ್ಯಾಯ ಅನ್ವಯ ಆಗಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ತನಗೆ ನೋವಿದೆ ಅನ್ನುವವನ ಬಾಯಿ ಮುಚ್ಚಿಸಲು ಅದನ್ನು ಯಾರೂ ಬಳಸಬಾರದು.

ಎಂಆರ್‌ಐನಲ್ಲಾದರೂ ನೋವಿನ ಗುರುತು ಸಿಕ್ಕಿದೆಯಂತೆ?

2013ರಲ್ಲಿ ಟಾರ್ ವೇಗರ್ ಮತ್ತು ಜೊತೆಗಾರರು 114 ಆರೋಗ್ಯವಂತರ ಎಫ್‌ಎಂಆರ್‌ಐ, ಅಂದರೆ ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಅಂತ ತೋರಿಸುವ ಎಂಆರ್‌ಐ, ಬಳಸಿ ಒಂದು ಗುರುತು ಕಂಡುಕೊಂಡರು. ಕೈಗೆ ನೋಯುವಷ್ಟು ಬಿಸಿ ತಾಗಿಸಿದ್ದಾ, ಬರೀ ಬೆಚ್ಚಗಾ ಅನ್ನುವುದನ್ನು ಅದು 94 ಪರ್ಸೆಂಟ್ ಅಥವಾ ಅದಕ್ಕೂ ಜಾಸ್ತಿ ಸರಿಯಾಗಿ ಬೇರೆ ಮಾಡಿತು. ಅದು ನಿಜವಾದ ಸಾಧನೆ. ಆದರೆ ಕೈಗೆ ಬಿಸಿ ತಾಗಿಸಿದ್ದನ್ನು ಕಂಡುಹಿಡಿದ ಮಾತ್ರಕ್ಕೆ ಹತ್ತು ವರ್ಷದ ಸೊಂಟ ನೋವು ಸಿಕ್ಕಂತಾಗುವುದಿಲ್ಲ.

2016ರ ಒಂದು ವರದಿ ಇನ್ನೂ ಯೋಚನೆಗೆ ಹಚ್ಚುತ್ತದೆ. ಹುಟ್ಟಿನಿಂದಲೇ ನೋವು ಅಂದರೆ ಏನು ಅಂತ ಗೊತ್ತಿಲ್ಲದ ಇಬ್ಬರಿಗೆ ಚುಚ್ಚಿದಾಗಲೂ, ನೋವಿನದ್ದು ಅಂತ ಕರೆಯುತ್ತಿದ್ದ ಮಿದುಳಿನ ಭಾಗಗಳು ಎಲ್ಲರ ಹಾಗೇ ಕೆಲಸ ಮಾಡಿದವು. ಅಂದರೆ ಆ ಭಾಗಗಳು "ಏನೋ ಆಯ್ತು, ಗಮನ ಕೊಡು" ಅನ್ನುವುದಕ್ಕೂ ಏಳುತ್ತವೆ.

ವರ್ಷಗಟ್ಟಲೆ ಇರೋ ನೋವಿಗೂ ಇದೇ ಲೆಕ್ಕಾನಾ?

ಬೇರೆ. ಲೇಸರ್ ಬಿಟ್ಟ ಕ್ಷಣ ಗೊತ್ತು, ಅಲೆ ಹುಡುಕಬಹುದು. ಹಳೆಯ ನೋವಿಗೆ ಶುರು ಎಲ್ಲಿ? ಮ್ಯೂನಿಕ್‌ನಲ್ಲಿ 101 ಹಳೆಯ ನೋವಿನ ರೋಗಿಗಳನ್ನೂ 84 ಆರೋಗ್ಯವಂತರನ್ನೂ ಸುಮ್ಮನೆ ಕೂರಿಸಿ ಇಇಜಿ ತೆಗೆದರು. 2019ರಲ್ಲಿ ಪ್ರಕಟವಾಯಿತು. ಹಣೆಯ ಭಾಗದ ಸಂಪರ್ಕಗಳಲ್ಲಿ ಸ್ವಲ್ಪ ವ್ಯತ್ಯಾಸ ಸಿಕ್ಕಿತು. ಆದರೆ ಯಾರು ರೋಗಿ ಅಂತ ಕಂಪ್ಯೂಟರ್ ಸರಿಯಾಗಿ ಹೇಳಿದ್ದು 57 ಪರ್ಸೆಂಟ್. ನಾಣ್ಯ ಚಿಮ್ಮಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ.

ಒಳಗಿನಿಂದ ಕೇಳಿದರೆ ಚೆನ್ನಾಗಿ ಕೇಳಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಪ್ರಸಾದ್ ಶಿರ್ವಾಳ್ಕರ್ ಅವರ ತಂಡ ನಾಲ್ವರ ಮಿದುಳಿನೊಳಗೇ ಎಲೆಕ್ಟ್ರೋಡ್ ಇಟ್ಟು ತಿಂಗಳುಗಟ್ಟಲೆ ನೋಡಿತು. ಮೂವರಿಗೆ ಸ್ಟ್ರೋಕ್ ನಂತರದ ನೋವು, ಒಬ್ಬರಿಗೆ ಇಲ್ಲದ ಕಾಲಿನ ನೋವು. ಅವರು ಮನೆಯಲ್ಲಿದ್ದುಕೊಂಡೇ ನೋವು ಎಷ್ಟಿದೆ ಅಂತ ಹೇಳಿ, ಆಗಲೇ ಸಿಗ್ನಲ್ ದಾಖಲಿಸುತ್ತಿದ್ದರು. ಕಣ್ಣಿನ ಮೇಲ್ಭಾಗದ ಮಿದುಳಿನ ಸಿಗ್ನಲ್‌ನಿಂದ ನೋವು ಜಾಸ್ತಿಯೋ ಕಡಿಮೆಯೋ ಅಂತ ಅಂದಾಜು ಮಾಡಲು ಸಾಧ್ಯವಾಯಿತು. 2023ರಲ್ಲಿ ಬಂದ ವರದಿ ಇದು. ಒಬ್ಬೊಬ್ಬರ ಗುರುತು ಒಂದೊಂದು ಥರ ಇತ್ತು.

ಎಐ 90 ಪರ್ಸೆಂಟ್ ಸರಿ ಹೇಳುತ್ತೆ ಅಂತ ಪೇಪರಲ್ಲಿ ಬಂದಿತ್ತು. ನಂಬಬಹುದಾ?

ಮೊದಲು ಎರಡು ಸಂಗತಿ ನೋಡಿ. ಕಂಪ್ಯೂಟರಿಗೆ ಕಲಿಸಿದ ಜನ, ಪರೀಕ್ಷೆ ಮಾಡಿದ ಜನ ಬೇರೆಬೇರೆಯವರಾ? ಒಬ್ಬನದೇ ಇಇಜಿಯನ್ನು ತುಂಡು ಮಾಡಿ ಅರ್ಧ ಕಲಿಕೆಗೆ, ಅರ್ಧ ಪರೀಕ್ಷೆಗೆ ಹಾಕಿದರೆ ಕಂಪ್ಯೂಟರ್ ಆ ಮನುಷ್ಯನನ್ನು ಗುರುತು ಹಿಡಿದಿರುತ್ತದೆ, ನೋವನ್ನಲ್ಲ. ಎರಡನೆಯದು, ನೋವನ್ನು ಯಾವುದರ ಜೊತೆ ಹೋಲಿಸಿದರು? ಐಸ್ ನೀರಿನಲ್ಲಿ ಕೈ ಇಟ್ಟವನನ್ನೂ ಸುಮ್ಮನೆ ಕೂತವನನ್ನೂ ಹೋಲಿಸಿದರೆ ಬಿಗಿಯಾದ ಹಣೆ, ಮಿಟುಕುವ ಕಣ್ಣು, ಗಾಬರಿ ಇವೇ ವ್ಯತ್ಯಾಸ ಕೊಟ್ಟುಬಿಡುತ್ತವೆ.

ಇನ್ನೂ ಆಳದ ತೊಡಕು ಒಂದಿದೆ. ಈ ನೋವು ಹತ್ತಕ್ಕೆ ಎಷ್ಟು ಅಂತ ಕಂಪ್ಯೂಟರಿಗೆ ಹೇಳಿಕೊಟ್ಟವರು ಯಾರು? ಆ ರೋಗಿಯೇ. ಅವನ ಮಾತನ್ನೇ ಅಳತೆಗೋಲು ಮಾಡಿಕೊಂಡು ಕಲಿತ ಯಂತ್ರ, ಆಮೇಲೆ ಅವನ ಮಾತು ಸುಳ್ಳು ಅಂತ ಹೇಳುವುದು ಹೇಗೆ?

ನಾನು ಇಂಜಿನಿಯರಿಂಗ್ ಕೊನೇ ವರ್ಷ. ಇದರ ಮೇಲೇ ಪ್ರಾಜೆಕ್ಟ್ ಮಾಡಬೇಕು ಅಂತಿದ್ದೀನಿ. ಎಲ್ಲಿಂದ ಶುರು ಮಾಡಲಿ?

ಸಂತೋಷ, ಮಾಡಿ. ಯಾರಿಗಾದರೂ ನೋವು ಕೊಡುವ ಮೊದಲು ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕೇ ಬೇಕು. ಗೆಳೆಯರು, ಹಾಸ್ಟೆಲ್ ಅಂತ ವಿನಾಯಿತಿ ಇಲ್ಲ. ಮೊದಲ ಸಲ ಹೊಸ ನೋವು ಕೊಡದೆ, ಸಂಶೋಧಕರು ಎಲ್ಲರಿಗೂ ತೆರೆದಿಟ್ಟಿರುವ ದಾಖಲೆಗಳ ಮೇಲೆ ಕೆಲಸ ಮಾಡುವುದು ಒಳ್ಳೆಯದು.

ನೀವೇ ದಾಖಲಿಸುವುದಾದರೆ ಹಣೆಗೆ, ದವಡೆಗೆ ಪ್ರತ್ಯೇಕ ಎಲೆಕ್ಟ್ರೋಡ್ ಹಾಕಿ. ಸ್ನಾಯು ಎಲ್ಲಿ ನುಗ್ಗಿತು ಅಂತ ಆಗ ಗೊತ್ತಾಗುತ್ತದೆ. ನಮ್ಮ ಮನೆ ಕರೆಂಟಿನ 50 ಹರ್ಟ್ಜ್ ಗುನುಗು ಸರಿಯಾಗಿ ಗಾಮಾ ಜಾಗದಲ್ಲೇ ಬಂದು ಕೂರುತ್ತದೆ, ಮೊಬೈಲ್ ಚಾರ್ಜರ್ ದೂರ ಇಡಿ. ನೋವಿನ ಜೊತೆ ಹೋಲಿಸಲು ನೋಯಿಸದ, ಆದರೆ ಅಷ್ಟೇ ಬೆಚ್ಚಿಬೀಳಿಸುವ ಶಬ್ದ ಒಂದನ್ನು ಇಟ್ಟುಕೊಳ್ಳಿ. ಅಂಗಡಿಯಲ್ಲಿ ಸಿಗುವ ಎರಡು ಎಲೆಕ್ಟ್ರೋಡಿನ ಹಣೆಪಟ್ಟಿಯಿಂದ ಇಷ್ಟೆಲ್ಲ ಆಗುವುದಿಲ್ಲ.

ಇನ್ನೊಂದು ಕಾಲಂ ಖಂಡಿತ ಇಡಿ. ಅಂಕಿಯ ಪಕ್ಕದಲ್ಲಿ ಆ ಮನುಷ್ಯ ಆಡಿದ ಮಾತನ್ನು ಇದ್ದ ಹಾಗೇ ಬರೆಯಿರಿ. ಉರಿ, ಸೆಳೆತ, ಸಿಡಿತ, ಜೋಮು, ಹಿಂಡಿದ ಹಾಗೆ, ಕುಟ್ಟಿದ ಹಾಗೆ, ಒಳಗೇ ಕೊರೆದ ಹಾಗೆ. ಎಣ್ಣೆ ತಲೆಯ ಆ ಅಜ್ಜಿಯನ್ನು ಹತ್ತಕ್ಕೆ ಎಷ್ಟು ನೋವು ಅಂದಾಗ ಉತ್ತರ ಬರಲಿಲ್ಲ. ಹೇಗಿದೆ ಅಂತ ಕೇಳಿದಾಗ "ಹಸಿ ಮೆಣಸಿನಕಾಯಿ ಅರೆದು ಮೂಳೆಗೆ ಮೆತ್ತಿದಂಗದೆ ಮಗ" ಅಂದರು.